ಮೇಲಿನ ಓಣಿಯ ಅರವತ್ತಮೂರು ಹೆಸರು

ಎರಡನೇ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳು ಆರು ವಾರದ ಮಟ್ಟಿಗೆ ತಮಗೆ ಇಷ್ಟವಾದ ಪಾಠವನ್ನು ಆರಿಸಿಕೊಳ್ಳಬಹುದೆಂದು ಕಾಲೇಜು ಹೇಳಿತು. ಹೃದಯ ವಿಭಾಗಕ್ಕೆ ನೂಕುನುಗ್ಗಲಾಯಿತು. ಸ್ಕ್ಯಾನಿಂಗಿಗೆ ಚೀಟಿ ಎತ್ತಬೇಕಾಯಿತು. ಪಟ್ಟಿಯ ಕೊನೆಯಲ್ಲಿ ಹೊಳೆ ದಂಡೆಯ ಒಂದು ಸಣ್ಣ ಆರೋಗ್ಯ ಕೇಂದ್ರದ ಹೆಸರಿತ್ತು. ಅದನ್ನು ಆರಿಸಿದವಳು ಮೇದಿನಿ ಒಬ್ಬಳೇ.

"ಅಲ್ಲಿ ಏನೇ ಕಲಿತೀಯ, ಉಪ್ಪು ಸಕ್ಕರೆ ನೀರು ಕಲಸೋದಾ?" ಎಂದು ಗೆಳತಿಯರು ಕಿಚಾಯಿಸಿದರು.

ಮೇದಿನಿ ನಕ್ಕಳು. ಜನರ ಮನೆ ಬಾಗಿಲಿಗೇ ಹೋಗಲು ಹೊರಟವಳು ತಾನೊಬ್ಬಳೇ ಎಂಬ ಹೆಮ್ಮೆ ಅವಳಿಗಿತ್ತು. ಅದನ್ನು ಅವಳು ಮುಚ್ಚಿಡಲೂ ಇಲ್ಲ.

ಕೇಂದ್ರ ನಡೆಸುತ್ತಿದ್ದವರು ಡಾಕ್ಟರ್ ಫಕೀರಪ್ಪ. ಎಪ್ಪತ್ತು ದಾಟಿದ ವಯಸ್ಸು. ಮಾತು ಕಡಿಮೆ. ಹೊಳೆಯ ಕಡೆಗಿದ್ದ ಕಟ್ಟೆಯ ಮೇಲೆ ಕೂತೇ ರೋಗಿಗಳನ್ನು ನೋಡುತ್ತಿದ್ದರು.

ಮೊದಲ ದಿನ ಅವರು ಅವಳ ಕೈಗೆ ಬಿ.ಪಿ. ನೋಡುವ ಪೆಟ್ಟಿಗೆ, ಸ್ಟೆತಾಸ್ಕೋಪು, ಒಂದು ದಪ್ಪ ರಿಜಿಸ್ಟರು ಕೊಟ್ಟರು.

"ಮೇಲಿನ ಓಣಿಗೆ ಹೋಗು ತಂಗಿ. ದೊಡ್ಡವರದೆಲ್ಲಾ ಬಿ.ಪಿ. ನೋಡು. ಬಸುರಿ ಹೆಣ್ಮಕ್ಕಳದು ಬಿಡಬ್ಯಾಡ."

"ಇಷ್ಟೇನಾ ಸರ್? ಇದರಲ್ಲಿ ಕಲಿಯೋದು ಏನಿದೆ?"

"ಕೇಳಿಸಿದ್ದನ್ನ ಬರೆಯೋದು."

ಮುದುಕರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಳು ಮೇದಿನಿ.

ಮೊದಲ ಮನೆಯಲ್ಲಿ ಒಬ್ಬ ಅಜ್ಜಿ ತೋಳು ಚಾಚಿ ಕೂತಳು. ನೋಡಲು ಅಕ್ಕಪಕ್ಕದವರೆಲ್ಲ ಬಂದು ನಿಂತರು. ಮೇದಿನಿ ಸ್ಟೆತಾಸ್ಕೋಪು ಕಿವಿಗಿಟ್ಟುಕೊಂಡು ಅವಳ ತೋಳಿಗೆ ಪಟ್ಟಿ ಸುತ್ತಿದಳು, ಗಾಳಿ ಒತ್ತಿದಳು, ಮೆಲ್ಲಗೆ ಬಿಟ್ಟಳು, ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಒತ್ತಿದಳು. ಆಗಲೂ ಇಲ್ಲ.

"ಎಷ್ಟೈತ್ರಿ ಡಾಕ್ಟರ?" ಎಂದು ಯಾರೋ ಕೇಳಿದರು.

ಹುಟ್ಟಿದಾಗಿನಿಂದ ಅವಳನ್ನು ಯಾರೂ ಡಾಕ್ಟರ್ ಎಂದು ಕರೆದಿರಲಿಲ್ಲ. ಹಾಗೆ ಕರೆಸಿಕೊಂಡ ಮೇಲೆ ಕೇಳಿಸಲಿಲ್ಲ ಎನ್ನುವುದು ಹೇಗೆ?

"ನೂರಿಪ್ಪತ್ತಕ್ಕೆ ಎಂಬತ್ತು. ಚೆನ್ನಾಗಿದೆ ಅಜ್ಜಿ" ಎಂದಳು. ಅದು ಪುಸ್ತಕದಲ್ಲಿದ್ದ ಆರೋಗ್ಯವಂತರ ಲೆಕ್ಕ. ಅಜ್ಜಿಯ ಮುಖ ಅರಳಿತು.

ಎರಡನೇ ಮನೆಯಲ್ಲಿ ಅದೇ ಮಾತು ಸಲೀಸಾಗಿ ಬಂತು. ಹತ್ತನೇ ಮನೆಯ ಹೊತ್ತಿಗೆ ಅವಳು ಕಿವಿಗೊಡುವುದನ್ನೇ ಬಿಟ್ಟಿದ್ದಳು. ನಡುನಡುವೆ ಚೆಂದ ಕಾಣಲಿ ಎಂದು ಒಂದೆರಡು ಕಡೆ ನೂರ ಹದಿನೆಂಟು ಎಂದೂ ಬರೆದಳು.

ಮೂರು ದಿನದಲ್ಲಿ ಓಣಿ ಮುಗಿಯಿತು. ಅರವತ್ತಮೂರು ಹೆಸರು. ಅಕ್ಷರ ಮುತ್ತಿನಂತಿತ್ತು.

ಫಕೀರಪ್ಪನವರು ಕಟ್ಟೆಯ ಮೇಲೆ ಕೂತು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಓದಿದರು.

"ನಲವತ್ತು ವರ್ಷ ಆತು ನಾ ಇಲ್ಲಿಗೆ ಬಂದು. ಮೇಲಿನ ಓಣಿ ಇಷ್ಟು ಗಟ್ಟಿ ಐತಿ ಅಂತ ನನಗ ಗೊತ್ತ ಇರಲಿಲ್ಲ."

ಮೇದಿನಿ ಹಿಗ್ಗಿದಳು.

ಅವರು ಅಂಗಿಯ ತೋಳು ಮಡಚಿ ಕೈ ಚಾಚಿದರು. "ನಂದೂ ಒಂದು ನೋಡು."

ಅವಳು ಪಟ್ಟಿ ಸುತ್ತಿದಳು, ಒತ್ತಿದಳು, ಬಿಟ್ಟಳು.

"ನೂರಿಪ್ಪತ್ತಕ್ಕೆ ಎಂಬತ್ತು ಸರ್."

ಫಕೀರಪ್ಪನವರು ಅವಳ ಕಡೆ ಬಾಗಿದರು. ಅವಳ ಕಿವಿಯಿಂದ ಸ್ಟೆತಾಸ್ಕೋಪು ತೆಗೆದರು. ಹಿಂದುಮುಂದು ತಿರುಗಿಸಿ ಮತ್ತೆ ಅವಳ ಕಿವಿಗೇ ಇಟ್ಟರು. ಮೂರು ದಿನವೂ ಅವಳು ಅದನ್ನು ಉಲ್ಟಾ ಹಾಕಿಕೊಂಡಿದ್ದಳು, ಸದ್ದು ಕಿವಿಯೊಳಗೆ ಹೋಗಿರಲೇ ಇಲ್ಲ.

"ಈಗ ನೋಡು."

ಅವಳು ಗಾಳಿ ಬಿಟ್ಟಳು. ಟಕ್, ಟಕ್, ಟಕ್. ಒಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ.

"ನೂರ ಐವತ್ತು" ಎಂದಳು. ದನಿ ತಗ್ಗಿತ್ತು.

"ಹೌದು. ಹತ್ತು ವರ್ಷದಿಂದ ಅಷ್ಟ ಐತಿ."

ಬೈಯುತ್ತಾರೆ ಎಂದು ತಲೆ ತಗ್ಗಿಸಿ ಕಾದಳು. ಅವರು ಬೈಯಲಿಲ್ಲ. ರಿಜಿಸ್ಟರನ್ನು ಅವಳ ತೊಡೆಯ ಮೇಲಿಟ್ಟರು.

"ಮತ್ತ ನೋಡಬೇಕಲ್ಲ. ಮೊದಲು ಯಾರ ಮನಿಗೆ ಹೋಗ್ತಿ?"

ಅವಳು ಹಾಳೆ ತಿರುವಿದಳು. ಮೂವತ್ತೊಂದನೇ ಹೆಸರಿನ ಹತ್ತಿರ ಬೆರಳು ನಿಂತಿತು. ರೇಣವ್ವ, ಎಂಟು ತಿಂಗಳ ಬಸುರಿ. ಎರಡು ದಿನದಿಂದ ತಲೆ ಸಿಡಿಯುತ್ತಿದೆ ಎಂದಿದ್ದಳು. ಕಾಲು ಊದಿದ್ದವು. ತುಂಬಿದ ಬಸುರಿಗೆ ತಲೆನೋವು, ಊತ ಬಂದರೆ ಬಿ.ಪಿ. ಏರಿ ಜೀವಕ್ಕೇ ಅಪಾಯವಿರಬಹುದೆಂದು ಮೇದಿನಿ ಪುಸ್ತಕದಲ್ಲಿ ಓದಿದ್ದಳು. ಓದಿದ್ದೂ ನೂರಿಪ್ಪತ್ತಕ್ಕೆ ಎಂಬತ್ತು ಎಂದು ಬರೆದು ಮುಂದಿನ ಮನೆಗೆ ಹೋಗಿದ್ದಳು.

"ಸರ್, ರೇಣವ್ವ. ತಲೆ ಸಿಡೀತಿದೆ ಅಂದಿದ್ದಳು, ಕಾಲೂ ಊದಿತ್ತು. ನೀವೂ ಬನ್ನಿ. ನನ್ನ ಮಾತು ಅವರು ಕೇಳಲ್ಲ."

"ನಾ ಬಂದ್ರ ನನ್ನ ಮಾತು ಕೇಳ್ತಾರ. ನಾಳೆ ನಿನ್ನ ಮಾತು ಯಾರು ಕೇಳಬೇಕು? ಹೋಗು. ನಾ ಆಸ್ಪತ್ರಿ ಗಾಡಿಗೆ ಫೋನ್ ಮಾಡ್ತೀನಿ. ಕಾಲು ತಾಸು ನೋಡ್ತೀನಿ, ನೀವು ಬರಲಿಲ್ಲಂದ್ರ ನಾನ ಬರ್ತೀನಿ."

"ಹೋಗಿ ಏನಂತ ಹೇಳಲಿ?"

"ಏನಾತೋ ಅದನ್ನ."

ಮೇದಿನಿ ಓಡಿದಳು.

ರೇಣವ್ವ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಮೇದಿನಿ ಸ್ಟೆತಾಸ್ಕೋಪನ್ನು ಸರಿಯಾಗಿ ಹಾಕಿಕೊಂಡಳು. ಎರಡು ಸಲ ನೋಡಿದಳು. ಎರಡು ಸಲವೂ ನೂರ ಅರವತ್ತಕ್ಕೆ ನೂರ ಹತ್ತು.

"ಈಗಲೇ ಆಸ್ಪತ್ರೆಗೆ ಹೋಗಬೇಕು."

ಅತ್ತೆ ಶಿವವ್ವ ಬಾಗಿಲಿಗೆ ಅಡ್ಡ ನಿಂತಳು. "ಮೊನ್ನೆ ಚಲೋ ಐತಿ ಅಂದಿ. ಓಣಿ ತುಂಬಾ ಹೇಳಿಕೊಂಡು ಬಂದೀನಿ. ಇವತ್ತು ಆಸ್ಪತ್ರಿ ಅಂತಿ. ಮೊನ್ನಿ ಮಾತು ನಂಬಲೋ, ಇವತ್ತಿಂದು ನಂಬಲೋ?"

ಮೊನ್ನೆ ಸರಿಯಾಗೇ ಇತ್ತು, ಇವತ್ತು ಏರಿದೆ ಎನ್ನಬಹುದಿತ್ತು. ಆ ಮಾತು ನಾಲಗೆಯ ತುದಿಯಲ್ಲೇ ಇತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ರೇಣವ್ವ ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದಳು.

"ಮೊನ್ನೆ ನಂಗೆ ಏನೂ ಕೇಳಿಸಲಿಲ್ಲ ಅಮ್ಮ. ಕೇಳಿಸಲಿಲ್ಲ ಅನ್ನೋಕೆ ನಾಚಿಕೆಯಾಯ್ತು. ಸುಳ್ಳು ಬರೆದೆ."

ಶಿವವ್ವ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಇವತ್ತು ಕೇಳಿಸ್ತೇನು?"

"ಕೇಳಿಸ್ತು. ಎರಡು ಸಲ."

"ತಪ್ಪು ತನ್ನ ಮ್ಯಾಲ ಹಾಕ್ಕೊಂಡು ಸುಳ್ಳು ಹೇಳೋರನ್ನ ನಾ ಇನ್ನೂ ಕಂಡಿಲ್ಲ" ಎಂದಳು ಶಿವವ್ವ. ಆಮೇಲೆ ಸೊಸೆಯ ಕಡೆ ತಿರುಗಿ, "ಏಳು ರೇಣಾ. ನನ್ನ ಹೆಗಲು ಹಿಡಕೋ" ಎಂದಳು.

ಕೇಂದ್ರದಲ್ಲಿ ಫಕೀರಪ್ಪನವರು ಸೂಜಿ ತಯಾರಿಟ್ಟುಕೊಂಡು ನಿಂತಿದ್ದರು. ಗಾಡಿಯೂ ಬಂದಿತ್ತು. ಮೇದಿನಿ ಜಿಲ್ಲಾ ಆಸ್ಪತ್ರೆಯವರೆಗೂ ರೇಣವ್ವನ ಕೈ ಹಿಡಿದು ಕೂತಿದ್ದಳು. ಮರುದಿನ ಬೆಳಿಗ್ಗೆ ಹೆಣ್ಣುಮಗು ಹುಟ್ಟಿತು. ಕೂಸು ಸಣ್ಣದು, ಆದರೆ ಅಳು ಜೋರಾಗಿತ್ತು. ತಾಯಿಯೂ ಉಳಿದಳು.

ಉಳಿದ ಅರವತ್ತೆರಡು ಜನರಿಗೂ ಮೇದಿನಿ ಆ ಮಾತನ್ನೇ ಹೇಳಬೇಕಿತ್ತು. ಹೇಳಿದಳು. ಒಬ್ಬಿಬ್ಬರು ಮುಖ ತಿರುಗಿಸಿದರು, ಒಬ್ಬ ಮುದುಕ ಚೆನ್ನಾಗಿ ಬೈದ. ಹೆಚ್ಚಿನವರು ಸುಮ್ಮನೆ ಮತ್ತೆ ತೋಳು ಚಾಚಿದರು. ಒಂಬತ್ತು ಮಂದಿಗೆ ಬಿ.ಪಿ. ಇತ್ತು. ಅವರಲ್ಲಿ ಐವರಿಗೆ ಅದು ಗೊತ್ತೇ ಇರಲಿಲ್ಲ.

ಹಿಟ್ಟಿನ ಗಿರಣಿಯ ಪಕ್ಕದ ಮನೆಗಳಲ್ಲಿ ಸದ್ದಿಗೆ ಏನೂ ಕೇಳುತ್ತಿರಲಿಲ್ಲ. ಅಂಥ ಕಡೆ ಅವಳು "ಕೇಳಿಸಲಿಲ್ಲ, ನಾಳೆ ಮತ್ತೆ ಬರಬೇಕು" ಎಂದು ಬರೆದಳು. ಮತ್ತೆ ಹೋದಳು ಕೂಡ.

ಐದನೇ ವಾರದ ಹೊತ್ತಿಗೆ ಶಿವವ್ವ ಮೊಮ್ಮಗಳನ್ನು ಎತ್ತಿಕೊಂಡು ಓಣಿ ತಿರುಗುತ್ತಿದ್ದಳು. ಪರ ಊರಿನಿಂದ ಬಂದವರಿಗೆ ಮೇದಿನಿಯನ್ನು ತೋರಿಸಿ, "ಕೇಳಿಸದಿದ್ರ ಕೇಳಿಸಲಿಲ್ಲ ಅಂತಾಳ ನೋಡ್ರಿ ನಮ್ಮ ಡಾಕ್ಟರ" ಎನ್ನುತ್ತಿದ್ದಳು. ಅದನ್ನು ಕೇಳಿದಾಗ ಮೇದಿನಿಗೆ ಕಣ್ಣು ತುಂಬಿ ಬರುತ್ತಿತ್ತು. ಹೊಸ ಬಗೆಯ ಹೆಮ್ಮೆ ಅದು. ತಲೆ ಎತ್ತಿ ನಡೆಯುತ್ತಿದ್ದಳು, ಆದರೆ ಸ್ಟೆತಾಸ್ಕೋಪನ್ನು ತಿರುಗಿಸಿ ನೋಡದೆ ಕಿವಿಗಿಡುತ್ತಿರಲಿಲ್ಲ.

ಆರನೇ ವಾರ ಕಾಲೇಜಿನಿಂದ ಪ್ರಾಧ್ಯಾಪಕರೊಬ್ಬರು ಅಂಕ ಕೊಡಲು ಬಂದರು. ಕಟ್ಟೆಯ ಮೇಲೆ ಕೂತು ರಿಜಿಸ್ಟರು ತಿರುವಿದರು. ಹುಬ್ಬು ಗಂಟಿಕ್ಕಿದರು.

"ಇದೇನು ಫಕೀರಪ್ಪನವರೇ, ಮೊದಲ ಪುಟಗಳನ್ನೆಲ್ಲ ಅಡ್ಡಗೆರೆ ಎಳೆದು ಹೊಡೆದು ಹಾಕಿದಾಳೆ. ಆಮೇಲೆ ಹನ್ನೊಂದು ಕಡೆ 'ಕೇಳಿಸಲಿಲ್ಲ' ಅಂತ ಬರೆದಿದಾಳೆ. ಬಿ.ಪಿ. ನೋಡೋದನ್ನೂ ಸರಿಯಾಗಿ ಕಲಿಯಲಿಲ್ವಾ ಈ ಹುಡುಗಿ?"

ಮೇದಿನಿ ಮುಂದೆ ಬಂದಳು. "ಹೊಡೆದು ಹಾಕಿರೋದು ನಾನು ಬರೆದ ಸುಳ್ಳು ಸರ್. ನನ್ನ ಅಂಕ ಕಳೀರಿ. ಫಕೀರಪ್ಪ ಸರ್ ಅವರನ್ನ ಏನೂ ಅನ್ನಬೇಡಿ."

ಪ್ರಾಧ್ಯಾಪಕರು ಪೆನ್ನು ತೆಗೆದವರು ಹಾಗೇ ಹಿಡಿದು ಮುದುಕರ ಮುಖ ನೋಡಿದರು.

ಫಕೀರಪ್ಪನವರು ರಿಜಿಸ್ಟರನ್ನು ತಮ್ಮ ಹತ್ತಿರ ಎಳೆದುಕೊಂಡರು.

"ಆ ಹನ್ನೊಂದು ಸಾಲು ಇರೋದಕ್ಕ, ಉಳಿದ ಸಾಲು ನಂಬಿ ನಾ ಕಣ್ಣು ಮುಚ್ಚಿ ಗುಳಿಗಿ ಬರಿಯಾಕತ್ತೀನಿ."