ಕೈ ತೊಳೆಯುವ ಸರದಿ

ಕಪಿಲಾ ನದಿಯ ದಡದ ಆ ಆಶ್ರಮದಲ್ಲಿ ಒಂದು ಕಟ್ಟಳೆಯಿತ್ತು. ಊಟದ ಪಂಕ್ತಿಯಲ್ಲಿ ಕೊನೆಯವರ ಎಲೆ ಮುಗಿಯುವ ತನಕ, ಮೊದಲು ಮುಗಿಸಿದವರೂ ಏಳುವಂತಿಲ್ಲ. ಎದ್ದ ಮೇಲೆ ಎಲ್ಲರೂ ಸಾಲಾಗಿ ಹಿತ್ತಲಿಗೆ ಹೋಗಿ, ನೀರು ತುಂಬಿದ ಕಲ್ಲುಬಾನಿಯ ಹತ್ತಿರ ಸರದಿಯ ಮೇಲೆ ಕೈ ತೊಳೆಯಬೇಕು. ಸ್ವಾಮಿಗಳು ಬಂದರೂ ಅಷ್ಟೇ, ಶಾಸಕರು ಬಂದರೂ ಅಷ್ಟೇ.

ಆಶ್ರಮ ನಡೆಸುತ್ತಿದ್ದವರು ದೇವೀರಮ್ಮ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟು ಬಿದ್ದು ಕೈಕಾಲು ಬಿಗಿದುಕೊಂಡ ಮಕ್ಕಳನ್ನು ನಲವತ್ತು ವರ್ಷದಿಂದ ನೋಡಿಕೊಂಡು ಬಂದವರು. ಡಾಕ್ಟರರು ಅದನ್ನು ಸೆರೆಬ್ರಲ್ ಪಾಲ್ಸಿ ಅನ್ನುತ್ತಾರೆ. ದೇವೀರಮ್ಮ ಮಕ್ಕಳನ್ನು ಅವರವರ ಹೆಸರು ಹಿಡಿದೇ ಕರೆಯುತ್ತಿದ್ದರು.

ಮಾದೇಶ ಅವರ ಶಿಷ್ಯ. ಫಿಸಿಯೋಥೆರಪಿ ಓದಿ ಎರಡು ವರ್ಷದ ಹಿಂದೆ ಬಂದವನು. ಕೈ ಬಲು ಚುರುಕು. ಎದುರಿಗಿದ್ದವರು ಚೊಂಬಿನ ಕಡೆ ನೋಡಿದರೆ ಸಾಕು, ನೀರು ತಂದು ಮುಂದೆ ಹಿಡಿಯುತ್ತಿದ್ದ. ಊರವರೆಲ್ಲ ಹೊಗಳುತ್ತಿದ್ದರು. ದೇವೀರಮ್ಮ ಮಾತ್ರ ಹೊಗಳಿದವರಲ್ಲ.

ಆ ಬೇಸಿಗೆ ಆಶ್ರಮಕ್ಕೆ ಒಂದು ರೋಬೋ ಯಂತ್ರ ಬಂತು. ಮಗುವಿನ ತೋಳನ್ನು ಅದರ ಕೈಮೇಲೆ ಮಲಗಿಸಿ ಪಟ್ಟಿ ಕಟ್ಟಬೇಕು. ಎದುರಿನ ಪರದೆಯಲ್ಲಿ ಮಾವಿನ ಮರ. ಮಗು ಹಣ್ಣಿನ ಕಡೆ ಕೈ ಚಾಚಬೇಕು. ಆಗದಿದ್ದರೆ ಯಂತ್ರವೇ ತೋಳನ್ನು ಮೆಲ್ಲಗೆ ಒಯ್ದು ಹಣ್ಣು ಮುಟ್ಟಿಸುತ್ತದೆ. ಅದು ಎಷ್ಟು ಹೊತ್ತು ಕಾಯಬೇಕು, ಎಷ್ಟು ಬಲ ಹಾಕಬೇಕು ಅನ್ನುವುದನ್ನು ನಡೆಸುವವರು ಗೊತ್ತುಮಾಡಬೇಕು.

ಮಾದೇಶ ಕಾಯುವುದನ್ನು ಎರಡು ಸೆಕೆಂಡಿಗೆ ಇಟ್ಟ. ಬಲವನ್ನು ಪೂರ್ತಿ ಇಟ್ಟ.

ಮೊದಲು ಕೂತವಳು ಎಂಟು ವರ್ಷದ ಚೆಲುವಿ. ಅವಳ ಎಡಗೈ ಎದೆಗೆ ಮಡಚಿಕೊಂಡೇ ಇರುತ್ತಿತ್ತು. ಬಲಗೈ ಏಳುತ್ತಿತ್ತು, ಆದರೆ ತಡವಾಗಿ, ಅದೂ ಅರ್ಧ ದಾರಿಗೆ. ಮಾತೂ ಹಾಗೆಯೇ. ಗೋಡೆ ಹಿಡಿದರೆ ಕಾಲೆಳೆದು ನಡೆಯುತ್ತಿದ್ದಳು. ತಾಯಿ ಶಿವಮಣಿ ಗಾರ್ಮೆಂಟ್ಸ್ ಕೆಲಸಕ್ಕೆ ಎರಡು ತಿಂಗಳು ರಜೆ ಹಾಕಿ ಜೊತೆಗೆ ಬಂದಿದ್ದಳು. ಶಾಲೆ ಶುರುವಾಗುವಷ್ಟರಲ್ಲಿ ಹಿಂತಿರುಗಬೇಕು. ಅಲ್ಲಿ ಮಧ್ಯಾಹ್ನದ ಬಿಸಿಯೂಟಕ್ಕೆ ಮಗಳ ಬಾಯಿಗೆ ತುತ್ತಿಡಲು ತಾನಿರುವುದಿಲ್ಲ. ಅವಳ ಚಿಂತೆಯೆಲ್ಲ ಅದೊಂದೇ.

"ಕೈ ಬತ್ತದಾ ಸಾ?" ಅಂತ ಕೇಳಿದಳು.

"ಬರುತ್ತೆ ಶಿವಮಣಕ್ಕ. ತಾಳಿದವನು ಬಾಳಿಯಾನು," ಅಂದ ಮಾದೇಶ. ಅವನೇ ಎರಡು ಸೆಕೆಂಡಿಗಿಂತ ಹೆಚ್ಚು ತಾಳುವವನಲ್ಲ.

ಪಟ್ಟಿ ಕಟ್ಟುತ್ತಾ ಚೆಲುವಿಯನ್ನು ಕೇಳಿದ: "ಕೈ ಸರಿಹೋದ್ರೆ ಏನು ಮಾಡ್ತೀಯಾ ಪುಟ್ಟಿ?"

ಚೆಲುವಿಯ ಮುಖ ಅರಳಿತು. "ನಾನು... ಕೈ..."

"ಕೈಯಲ್ಲೇ ಊಟ ಮಾಡ್ಬೇಕು, ಅಲ್ವಾ?"

ಚೆಲುವಿ ಬಾಯಿ ಮುಚ್ಚಿಕೊಂಡಳು. ಮಾದೇಶ ಅದನ್ನು ಹೌದು ಅಂತಲೇ ಬರೆದುಕೊಂಡ.

ಮೊದಲ ದಿನ ನಲವತ್ತು ಮಾವಿನ ಹಣ್ಣು. ತಿಂಗಳು ತುಂಬುವಷ್ಟರಲ್ಲಿ ದಿನಕ್ಕೆ ಮುನ್ನೂರು. ಮಾದೇಶನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಎಲ್ಲರೆದುರು ಚೆಲುವಿಯನ್ನು ಪಂಕ್ತಿಯಲ್ಲಿ ಕೂರಿಸಿ, ಎಲೆಯ ಮೇಲೆ ಮೊಸರನ್ನ ಬಡಿಸಿ, "ತಿನ್ನು ಪುಟ್ಟಿ," ಅಂದ.

ಚೆಲುವಿ ಬಾಯಿ ತೆರೆದಳು. ಕೈ ಮಡಿಲಲ್ಲೇ ಇತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ತುತ್ತಿನ ಹತ್ತಿರಕ್ಕೆ ಕೈಯೇ ಬರಲಿಲ್ಲ.

"ಮೊದ್ಲು ಅರ್ಧ ಆದ್ರೂ ಎತ್ತತಿದ್ಲು ಸಾ," ಅಂದಳು ಶಿವಮಣಿ. ಮಗಳಿಗೆ ಉಣ್ಣಿಸಿ, ಸೆರಗಿನಿಂದ ಅವಳ ಬಾಯಿ ಒರೆಸಿ, ಕಂಬಕ್ಕೆ ಒರಗಿಸಿ ಕೂರಿಸಿದಳು. ಉಳಿದವರೆಲ್ಲ ಎದ್ದು ಕೈ ತೊಳೆಯಲು ಹೋದರು.

ಮರುದಿನ ಬೆಳಿಗ್ಗೆ ದೇವೀರಮ್ಮ ನದಿಯ ಮೆಟ್ಟಿಲ ಮೇಲೆ ಸೊಪ್ಪು ಸೋಸುತ್ತಾ ಕೂತಿದ್ದಾಗ ಮಾದೇಶ ಅಲ್ಲಿಗೆ ಹೋದ.

"ಅವ್ವ, ಯಂತ್ರದಲ್ಲೇ ಏನೋ ದೋಷ ಇದೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಹಾಗಾದ್ರೆ ತಪ್ಪು ಎಲ್ಲಿದೆ ಅಂತ ನೀವೇ ಹೇಳಿ."

"ಹೊಟ್ಟೆ ಹಸಿದಾಗ ಮಾತು ಬೇಡ. ಮಧ್ಯಾಹ್ನ ನನ್ನ ಪಕ್ಕ ಕೂತ್ಕೊ."

ಮಧ್ಯಾಹ್ನ ಮಾದೇಶ ಎಲೆಗೆ ಕೈ ಹಾಕುವ ಮೊದಲೇ ದೇವೀರಮ್ಮ ತುತ್ತು ಕಲಸಿ ಅವನ ಬಾಯಿಗಿಟ್ಟರು. ತಮ್ಮ ಎಲೆ ಮುಟ್ಟಲೂ ಇಲ್ಲ.

"ಅವ್ವ, ನಾನೇ ತಿಂತೀನಿ."

"ತಿನ್ನುವೆಯಂತೆ," ಅಂದು ಇನ್ನೊಂದು ತುತ್ತು ಇಟ್ಟರು.

ಮಕ್ಕಳು ಮುಸಿಮುಸಿ ನಕ್ಕರು. ಮಾದೇಶನಿಗೆ ನಾಚಿಕೆಯಾಯಿತು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನಕ್ಕೆ ನಾಚಿಕೆ ಕಡಿಮೆಯಾಗಿತ್ತು. ವಾರವಾಗುವಷ್ಟರಲ್ಲಿ, ನಿಜ ಹೇಳಬೇಕೆಂದರೆ, ಹಿತವಾಗಿಯೂ ಇತ್ತು.

ಎಂಟನೆಯ ದಿನ ದೇವೀರಮ್ಮ ಪಕ್ಕದವರ ಜೊತೆ ಮಾತಿಗಿಳಿದರು. ಎಲೆಯ ಮೇಲೆ ಅನ್ನ ಆರುತ್ತಿತ್ತು. ಇದ್ದಕ್ಕಿದ್ದಂತೆ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಎಲ್ಲರ ನಗು ಮುಗಿದ ಮೇಲೆ ಚೆಲುವಿಯ ನಗು ಶುರುವಾಯಿತು.

ಮಾದೇಶ ಬಾಯಿ ತೆರೆದುಕೊಂಡು ಕೂತಿದ್ದ. ಬಲಗೈ ಮಡಿಲಲ್ಲಿತ್ತು.

ಅವನು ತನ್ನ ಕೈಯನ್ನು ತಾನೇ ನೋಡಿಕೊಂಡ.

"ನನ್ನ ಕೈಗೆ ಏನಾಯ್ತು ಅವ್ವ?"

"ಏನೂ ಆಗಿಲ್ಲ. ಕೆಲಸ ಇಲ್ಲ ಅಂತ ಮಲಗಿದೆ."

ಅಂದೇ ಮಾದೇಶ ಯಂತ್ರದ ಬಲವನ್ನು ಕೆಳಗಿಳಿಸಿದ. ಚೆಲುವಿಯ ತೋಳು ತಾನಾಗಿ ಹೊರಟರೆ ಭಾರವನ್ನಷ್ಟೇ ಹೊರಬೇಕು, ಎಳೆಯಬಾರದು. ಅಷ್ಟು ಮಾಡಿ ಗುರುವನ್ನು ಕೇಳಿದ: "ಕಾಯೋದನ್ನ ಎಷ್ಟಕ್ಕೆ ಇಡಲಿ ಅವ್ವ? ಐದು ಸೆಕೆಂಡಾ? ಹತ್ತಾ?"

"ನಮ್ಮ ಪಂಕ್ತಿ ಎಷ್ಟು ಹೊತ್ತು ಕೂರುತ್ತೆ?"

ಮಾದೇಶ ಯೋಚಿಸಿದ. "ಕೊನೆಯವರು ಮುಗಿಸೋ ತನಕ."

ದೇವೀರಮ್ಮ ಸೊಪ್ಪು ಸೋಸಲು ಹೋದರು.

ಮರುದಿನ ಬೆಳಿಗ್ಗೆ ಚೆಲುವಿ ಮಾವಿನ ಮರದ ಮುಂದೆ ಕೂತಳು. ಕೈ ಏಳಲಿಲ್ಲ. ಯಂತ್ರ ಸುಮ್ಮನಿತ್ತು. ಮಾದೇಶನಿಗೆ ಸುಮ್ಮನಿರುವುದೇ ಕಷ್ಟವಾಯಿತು. 'ಎತ್ತು ಪುಟ್ಟಿ' ಅನ್ನಲು ನಾಲಗೆ ತುರಿಸುತ್ತಿತ್ತು. ತನ್ನ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತ.

ಬಹಳ ಹೊತ್ತಿನ ಮೇಲೆ ಚೆಲುವಿಯ ಬೆರಳು ಅಲುಗಿತು. ಆಮೇಲೆ ಮಣಿಕಟ್ಟು. ಆಮೇಲೆ ತೋಳು ಹೊರಟಿತು.

ಆ ಬೆಳಿಗ್ಗೆ ಸಿಕ್ಕಿದ್ದು ಒಂದು ಹಣ್ಣು. ವಾರದ ಕೊನೆಗೆ ಹನ್ನೊಂದು.

"ಮುನ್ನೂರಿಂದ ಹನ್ನೊಂದಕ್ಕೆ ಬಂತಲ್ಲ ಸಾ," ಅಂದಳು ಶಿವಮಣಿ. ಅವಳ ದನಿಯಲ್ಲಿ ಭಯವಿತ್ತು. ಹಿಂತಿರುಗಲು ಎರಡು ವಾರ ಉಳಿದಿತ್ತು.

"ಆ ಮುನ್ನೂರು ಯಂತ್ರದ್ದು ಅಕ್ಕ. ಈ ಹನ್ನೊಂದು ಅವಳದ್ದು."

ಅಂದು ಮಾದೇಶ ಪಟ್ಟಿ ಬಿಚ್ಚಿ ಹಳೆಯ ಪ್ರಶ್ನೆಯನ್ನೇ ಮತ್ತೆ ಕೇಳಿದ: "ಕೈ ಸರಿಹೋದ್ರೆ ಏನು ಮಾಡ್ತೀಯಾ ಪುಟ್ಟಿ?"

"ನಾನು... ಕೈ..."

ಮಾದೇಶ ನಾಲಗೆ ಬಿಗಿಹಿಡಿದು ಕಾದ. ಕಿಟಕಿಯಾಚೆ ನದಿಯಲ್ಲಿ ಒಂದು ಹರಿಗೋಲು ಆ ದಡ ಬಿಟ್ಟು ಈ ದಡಕ್ಕೆ ಬರುತ್ತಿತ್ತು. ಅದು ಬಂದು ತಲುಪಿತು.

"...ತೊಳೀಬೇಕು. ಎಲ್ಲಾರ್ ಜೊತೆ. ಸಾಲಲ್ಲಿ."

ಒಂದೂವರೆ ತಿಂಗಳಿಂದ ದಿನವೂ ಊಟವಾದ ಮೇಲೆ ಅವಳು ಕಂಬಕ್ಕೆ ಒರಗಿ ಹಿತ್ತಲ ಕಡೆ ನೋಡುತ್ತಿದ್ದದ್ದು ಮಾದೇಶನಿಗೆ ಈಗ ನೆನಪಾಯಿತು. ಉಣ್ಣದ ಕೈಗೆ ತೊಳೆಯುವ ಕೆಲಸವಿಲ್ಲ. ಹಾಗಾಗಿ ಸಾಲಿನಲ್ಲಿ ಅವಳಿಗೆ ಜಾಗವೂ ಇರಲಿಲ್ಲ. ಮಾದೇಶನಿಗೆ ಅಳು ಬಂತು. ಮುಚ್ಚಿಡದೆ ಅತ್ತ.

ನೇರ ಗುರುವಿನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದ.

"ನಿಮಗೆ ಇದು ಗೊತ್ತಿತ್ತಾ ಅವ್ವ?"

"ಇಲ್ಲ ಕಣಪ್ಪ. ನೀನು ಕಾದೆ, ಅವಳು ಹೇಳಿದಳು."

"ಹಾಗಾದ್ರೆ ಇವತ್ತೇ ಸಾಲಲ್ಲಿ ನಿಲ್ಲಿಸಲಾ?"

"ಅವಳ ಕೈ ಎಂಜಲಾಗಿದ್ಯಾ?"

"ಇಲ್ಲ."

"ಮತ್ತೆ ತೊಳೆಯೋದು ಏನನ್ನ?"

ಎರಡು ವಾರ ಕಳೆಯಿತು. ಬೆಳಿಗ್ಗೆ ಮಾವಿನ ಹಣ್ಣು, ಮಧ್ಯಾಹ್ನ ಎಲೆ. ಕೈ ಕೆಲವು ದಿನ ಎಲೆ ಮುಟ್ಟುತ್ತಿತ್ತು, ಕೆಲವು ದಿನ ಮುಟ್ಟುತ್ತಿರಲಿಲ್ಲ. ಒಂದು ದಿನ ಗಲ್ಲದವರೆಗೆ ಬಂದು ಬಿತ್ತು. ಅಂಗೈಗೆ ಅಂಟಿದ್ದ ನಾಲ್ಕು ಅಗುಳನ್ನು ತಾಯಿ ಒರೆಸಿಬಿಟ್ಟಾಗ ಚೆಲುವಿ ಸಂಜೆಯವರೆಗೂ ಮಾತು ಬಿಟ್ಟಳು.

ಹೊರಡುವ ದಿನ ಬಂತು. ಮಾದೇಶ ಅವಳ ಶಾಲೆಗೆ ಒಂದು ಕಾಗದ ಬರೆದಿಟ್ಟಿದ್ದ. ಅದರಲ್ಲಿ ಇದ್ದದ್ದು ಎರಡೇ ಸಾಲು: ಇವಳು ತಾನೇ ಉಣ್ಣಲು ಕಲಿಯುತ್ತಿದ್ದಾಳೆ. ದಯವಿಟ್ಟು ಕಾಯಿರಿ.

ಮಧ್ಯಾಹ್ನ ಪಂಕ್ತಿ ಕೂತಿತು. ಎಲೆಗೆ ಮೊಸರನ್ನ ಬಿತ್ತು. ಎಲ್ಲರೂ ಊಟ ಶುರುಮಾಡಿದರು. ಎಲ್ಲರೂ ಮುಗಿಸಿದರು. ಆಗ ಚೆಲುವಿಯ ಕೈ ಹೊರಟಿತು.

ಎಲೆ ಮುಟ್ಟಿತು. ಬೆರಳು ಮಡಚಿತು. ಎದ್ದ ಕೈಯಿಂದ ಅರ್ಧ ಅನ್ನ ಮಡಿಲಿಗೆ ಬಿತ್ತು, ಸ್ವಲ್ಪ ಗಲ್ಲಕ್ಕೆ ಅಂಟಿತು, ಉಳಿದದ್ದು ಬಾಯಿಗೆ ಹೋಯಿತು.

ಶಿವಮಣಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಎರಡನೆಯ ತುತ್ತು. ಬಹಳ ಹೊತ್ತಿನ ಮೇಲೆ ಮೂರನೆಯದು. ಎಲ್ಲರ ಕೈಯೂ ಒಣಗಿ ಅಂಟು ಹಿಡಿಯಿತು. ಅಂದು ಊಟಕ್ಕೆ ಬಂದಿದ್ದ ಒಬ್ಬ ಅತಿಥಿ ಗಡಿಯಾರ ನೋಡಿ ಮೊಣಕಾಲಿನ ಮೇಲೆ ಎದ್ದರು. ಪಕ್ಕದಲ್ಲಿದ್ದ ಮಗುವೊಂದು ಅವರ ಪಂಚೆ ಹಿಡಿದು ಕೂರಿಸಿತು. ಜಗಲಿಯ ಬಿಸಿಲು ಅಂಗಳಕ್ಕೆ ಇಳಿಯಿತು.

ಒಂಬತ್ತನೆಯ ತುತ್ತಿನ ಮೇಲೆ ಚೆಲುವಿ, "ಸಾಕು," ಅಂದಳು.

ಪಂಕ್ತಿ ಎದ್ದಿತು. ಚೆಲುವಿ ಮೊಸರು ಮೆತ್ತಿದ ಕೈಯನ್ನು ಮುಂದೆ ಹಿಡಿದು, ಗೋಡೆಗೆ ಭುಜ ಕೊಟ್ಟು, ಕಾಲೆಳೆಯುತ್ತಾ ಹಿತ್ತಲ ಕಡೆ ಹೊರಟಳು. ಬಾಗಿಲಲ್ಲಿ ಎರಡು ಮೆಟ್ಟಿಲಿದ್ದವು.

ಮಾದೇಶನ ಹಳೆಯ ಚುರುಕು ಎಲ್ಲಿಗೆ ಹೋಗುತ್ತದೆ? ಎಡಗೈಯಲ್ಲಿ ಚೊಂಬು ಎತ್ತಿಕೊಂಡು ಅವಳ ಮುಂದೆ ಓಡಿದ.

"ಮೆಟ್ಟಿಲಿದೆ ಪುಟ್ಟಿ, ಇಲ್ಲೇ ನೀರು ಹಾಕ್ತೀನಿ."

ದೇವೀರಮ್ಮ ಅವನ ಕೈಯಿಂದ ಚೊಂಬು ತೆಗೆದುಕೊಂಡು, ನೀರನ್ನು ತುಳಸಿಯ ಬುಡಕ್ಕೆ ಸುರಿದರು.

"ನಿನ್ನ ಕೈಯೂ ಎಂಜಲಾಗಿದೆ. ಹೋಗು, ಅವಳ ಹಿಂದೆ ನಿಂತ್ಕೊ."