ಬಿಟ್ಟುಬಂದವರ ಕೆರೆ

ಮೋಡಗಲ್ಲು ಬೆಟ್ಟದ ನೆತ್ತಿಯ ಹುಲ್ಲುಗಾವಲಿನಲ್ಲಿ, ಒಂದಕ್ಕಿಂತ ಒಂದು ಎತ್ತರದಲ್ಲಿ, ಮೂರು ಕೆರೆಗಳಿವೆ. ಬೇಸಿಗೆ ಬಂತೆಂದರೆ ಪೇಟೆಯ ಹುಡುಗ ಹುಡುಗಿಯರು ಬೆನ್ನಿಗೆ ತಮಗಿಂತ ದೊಡ್ಡ ಚೀಲ ಬಿಗಿದುಕೊಂಡು, ಗುಂಪುಗುಂಪಾಗಿ ನಮ್ಮೂರು ಕೆಳಕೊಪ್ಪದ ಮೇಲೆಯೇ ಹಾದು ಹತ್ತಿ ಹೋಗುತ್ತಾರೆ. ಮೇಲೆ ಡೇರೆ ಹಾಕುತ್ತಾರೆ, ಈಜುತ್ತಾರೆ, ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಫೋಟೋ ತೆಗೆದುಕೊಳ್ಳುತ್ತಾರೆ. ಸಂತೋಷ, ಬೇಡ ಎನ್ನುವವರು ಯಾರು? ಕೆಳಗಿನದು ಎಮ್ಮೆಕೆರೆ, ನಡುವಿನದು ನೈದಿಲೆಕೆರೆ ಎಂದರೆ ಅವರಿಗೆ ಒಪ್ಪಿಗೆ. ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಚೆಲುವಾದ ಕೆರೆಯ ಹೆಸರು ಹೇಳಿದಾಗ ಮಾತ್ರ ಮುಖ ಸಿಂಡರಿಸಿ, ಇಂಥ ನೀರಿಗೆ ಒಳ್ಳೆಯದೊಂದು ಹೆಸರಿಡಬಾರದಿತ್ತೇ ಅಜ್ಜ ಎಂದು ಕೇಳುತ್ತಾರೆ. ಇಡಲು ನಮ್ಮ ಹಿರಿಯರು ಕೈಲಾದಷ್ಟು ಹೆಣಗಿದ್ದರು. ಇಡಗೊಡದವಳು ಒಬ್ಬಳೇ ಒಬ್ಬ ಹೆಂಗಸು.

ಹಿಂದೆ ಒಮ್ಮೆ, ಈ ಸೀಮೆಗೆ ಪಾಳೆಯಗಾರರ ಕಾಲವೂ ಬಂದಿರಲಿಲ್ಲ ಎನ್ನುತ್ತಾರೆ, ಕೆಳಕೊಪ್ಪದಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಬೇಸಿಗೆಯ ಕೊನೆಗೆ, ಮದುವೆಯ ವಯಸ್ಸಿಗೆ ಬಂದ ಹುಡುಗರು ಗೆಳೆಯರ ಗುಂಪು ಕಟ್ಟಿಕೊಂಡು, ಕಂಬಳಿ ಹುರಿಹಿಟ್ಟು ಬೆನ್ನಿಗೇರಿಸಿ, ಮಳೆಗಾಗಿ ಮೇಲಿನ ಕೆರೆಯಿಂದ ಊರಿನ ಬೆಟ್ಟದಮ್ಮನ ಗುಡಿಗೆ ನೀರು ತರಬೇಕು. ತುಂಬಿದ ಕೊಡ ಗುಡಿಯ ಮೆಟ್ಟಿಲು ಮುಟ್ಟುವತನಕ ನೆಲ ಮುಟ್ಟಬಾರದು. ಮುಟ್ಟಿದರೆ ಅವನು ಕೈಲಾಗದವನು, ಅವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಇನ್ನೊಂದು ನೇಮವೂ ಇತ್ತು. ಜೊತೆಗಾರನನ್ನು ಬಿಟ್ಟು ತಂದ ನೀರು ಮೈಲಿಗೆ, ಅಮ್ಮ ಮುಟ್ಟಳು. ಈ ಎರಡು ನೇಮಗಳು ಒಂದಕ್ಕೊಂದು ಎದುರುನಿಂತರೆ ಏನು ಮಾಡಬೇಕೆಂದು ಮಾತ್ರ ಯಾವ ಹಿರಿಯನೂ ಹೇಳಿಟ್ಟಿರಲಿಲ್ಲ. ನೇಮ ಮಾಡುವವರು ಕೊಡ ಹೊರುವವರಲ್ಲವಲ್ಲ!

ಆ ವರ್ಷ ಮಂಚ, ದ್ಯಾವ, ಸಣ್ಣಲಿಂಗ ಎಂಬ ಮೂವರು ತಮ್ಮ ಗೆಳೆಯನೊಬ್ಬನನ್ನು ಕೂಡಿಕೊಂಡು ಹೊರಟರು. ಆ ನಾಲ್ಕನೆಯವನಿಗೆ ತಾಯಿತಂದೆ ಇರಲಿಲ್ಲ, ಸಾಕಿದವಳು ಅಕ್ಕ ಸಾಕವ್ವ. ನಾಲ್ವರೂ ಒಂದೇ ಎಲೆಯಲ್ಲಿ ಉಂಡು ಬೆಳೆದವರು. ಎಮ್ಮೆಕೆರೆಯಲ್ಲಿ ಮುಳುಗಿ ಎದ್ದರು, ನೈದಿಲೆಕೆರೆಯ ದಂಡೆಯಲ್ಲಿ ಮಲಗಿ ಹಾಡಿದರು. ಮೂರನೆಯ ದಿನ ಮೇಲಿನ ಕೆರೆಯಲ್ಲಿ ಕೊಡ ತುಂಬಿ ತಲೆಗೇರಿಸಿ ದಂಡೆ ಹತ್ತುವಾಗ ನಾಲ್ಕನೆಯವನು ಪಾಚಿಯ ಮೇಲೆ ಕಾಲು ಜಾರಿ ಬಂಡೆಗಳ ನಡುವೆ ಬಿದ್ದ. ಕೊಡ ಚೂರಾಯಿತು, ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಕಂಬಳಿಯಲ್ಲಿ ಹೊತ್ತು ಇಳಿಸಬಹುದಿತ್ತು, ಮೂವರು ಗಟ್ಟಿ ಆಳುಗಳಿದ್ದರು. ಆದರೆ ಹೊರಬೇಕೆಂದರೆ ಮೂರು ಕೊಡಗಳನ್ನು ನೆಲಕ್ಕಿಡಬೇಕು. ಇಡಲಿಲ್ಲ. ಕೊಡ ಹೊತ್ತವರು ಬಗ್ಗಲೂ ಆಗದೆ ನಿಂತೇ ಅವನೊಡನೆ ಮಾತಾಡಿದರಂತೆ. ಹಿಟ್ಟಿನ ಗಂಟನ್ನೂ ಕಂಬಳಿಯನ್ನೂ ಅವನ ಕಡೆಗೆ ಕಾಲಿನಿಂದಲೇ ಸರಿಸಿ, ಬೆಳಗಾಗುವಷ್ಟರಲ್ಲಿ ಬರುತ್ತೇವೆ ಎಂದು ಇಳಿದುಬಿಟ್ಟರು. ಹೋಗಿರೆಂದು ಅವನೇ ಹೇಳಿದ ಎಂದು ಮೂವರೂ ಸಾಯುವತನಕ ಹೇಳುತ್ತಿದ್ದರು ಎನ್ನುತ್ತಾರೆ. ಹೇಳದೆ ಏನು ಮಾಡಿಯಾರು?

ಗುಡಿಯ ಮುಂದೆ ಸಾಕವ್ವ ಕಾದು ನಿಂತಿದ್ದಳು. "ನನ್ ತಮ್ಮ ಎಲ್ರೋ?" ಎಂದು ಕೇಳಿದಳು. ಬಿಟ್ಟುಬಂದೆವೆಂದರೆ ನೀರು ಮೈಲಿಗೆಯಾಗುತ್ತದೆ. "ಹಿಂದೆ ಬತ್ತಾವ್ನೆ ಅಕ್ಕಾ, ಕಾಲು ಉಳುಕೈತೆ," ಎಂದ ದ್ಯಾವ. ಅಭಿಷೇಕವಾಯಿತು, ಡೋಲು ಬಡಿಯಿತು, ಮೂವರಿಗೂ ಮುಂದಿನ ಸಾಲಿನಲ್ಲಿ ಎಲೆ ಹಾಕಿದರು. ಊಟ ಮುಗಿಯುವ ಮೊದಲೇ ಮಳೆ ಹಿಡಿಯಿತು. ಹಿಂದೆಂದೂ ಅಷ್ಟು ಬೇಗ ಅಷ್ಟು ಜೋರಾಗಿ ಬಂದಿರಲಿಲ್ಲ, ಅಮ್ಮ ಒಲಿದಳು ಎಂದು ಊರೆಲ್ಲ ಕುಣಿಯಿತು. ಬೆಟ್ಟಕ್ಕೂ ಊರಿಗೂ ನಡುವೆ ಒಂದು ಹಳ್ಳವಿದೆ. ಬೆಳಗಾಗುವಷ್ಟರಲ್ಲಿ ಅದು ದಡ ಮೀರಿ ಮರಗಳನ್ನು ಹೊತ್ತು ಹರಿಯುತ್ತಿತ್ತು. ಆಗ ಮೂವರೂ ಊರ ಗೌಡನ ಬಳಿ ಹೋಗಿ ನಿಜ ಹೇಳಿದರು. ದಾಟುವುದು ಕಷ್ಟವಿತ್ತು, ಸುಳ್ಳಲ್ಲ. ಹಗ್ಗ ಕಟ್ಟಿ ಹತ್ತು ಜನ ಕೈಹಿಡಿದರೆ ದಾಟಲಾಗದ ಹಳ್ಳವೂ ಅದಲ್ಲ. ಆದರೆ ಹತ್ತು ಜನರನ್ನು ಕರೆಯಬೇಕೆಂದರೆ ಹತ್ತು ಜನರಿಗೆ ನಿಜ ಹೇಳಬೇಕು. "ಈಗ ಬಾಯಿ ಬಿಟ್ರೆ ನೀರು ಮೈಲಿಗೆ ಅಂತಾರೆ. ಬಂದ ಮಳೆ ವಾಪಸ್ ಹೋದ್ರೆ ಯಾರ್ಲಾ ಹೊಣೆ? ಹಳ್ಳ ಇಳೀಲಿ, ಆಮೇಲೆ ನೋಡಾನ," ಎಂದ ಗೌಡ. ದೇವರನ್ನು ಕಾಪಾಡಲು ಮನುಷ್ಯರು ಪಡುವ ಪಾಡು ಅಷ್ಟಿಷ್ಟಲ್ಲ.

ಸಾಕವ್ವ ಮಾತ್ರ ಹಳ್ಳದ ದಡ ಬಿಟ್ಟು ಕದಲಲಿಲ್ಲ. ಆಚೆಯಿಂದ ಯಾರೋ ಕೂಗುತ್ತಾರೆ ಎಂದು ಓಡಿಬಂದು ಮನೆಮನೆಯ ಬಾಗಿಲು ಬಡಿದಳು. ಮಳೆಗೆ ನವಿಲು ಕೂಗುತ್ತದೆ, ಹೋಗಿ ಮಲಗಮ್ಮ ಎಂದರು. ಮರುದಿನವೂ ಕೂಗು ಕೇಳಿತು, ಆಗಲೂ ನವಿಲು ಎಂದರು. ಅದರ ಮರುದಿನ ಕೇಳಲಿಲ್ಲ. ಹಳ್ಳ ಇಳಿದ ಮೇಲೆ ಗೌಡ ಬಾಯಿಬಿಟ್ಟ, ಊರವರು ದಾಟಿದರು. ಬೆಟ್ಟದ ನೆತ್ತಿಯತನಕ ಹೋಗಬೇಕಾಗಲೇ ಇಲ್ಲ. ಕಂಬಳಿ ಹರಿದು ಕಾಲಿಗೆ ಸುತ್ತಿಕೊಂಡು, ಕೆಳಗಿನ ಎರಡೂ ಕೆರೆ ದಾಟಿ, ಅಷ್ಟೂ ಬೆಟ್ಟ ತೆವಳಿಕೊಂಡು ಇಳಿದು, ಅವನು ಹಳ್ಳದ ಆಚೆ ದಡದ ಅತ್ತಿಮರದ ಬುಡದಲ್ಲಿ ಊರ ಕಡೆ ಮುಖ ಮಾಡಿ ಕುಳಿತಿದ್ದ. ಜೀವವಿರಲಿಲ್ಲ. ಊರಿನ ಒಲೆಯ ಹೊಗೆ ಅಲ್ಲಿಗೆ ಕಾಣುತ್ತದೆ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬಂತೆ, ಆಗ ಊರಿಗೆ ಅವನ ಮೇಲೆ ಎಲ್ಲಿಲ್ಲದ ಭಕ್ತಿ ಬಂತು. ಅವನು ಪ್ರಾಣ ಕೊಟ್ಟದ್ದರಿಂದಲೇ ಮಳೆ ಬಂತು ಎಂದರು. ಮೇಲಿನ ಕೆರೆಗೆ ಅವನ ಹೆಸರಿಟ್ಟು, ದಂಡೆಯಲ್ಲಿ ಕಲ್ಲಿನ ಗೂಡಿನಂಥ ಗುಡಿ ಕಟ್ಟಿ, ವರ್ಷಕ್ಕೊಮ್ಮೆ ಎಡೆ ಇಡಬೇಕೆಂದು ತೀರ್ಮಾನವಾಯಿತು. ಮೂವರು ಗೆಳೆಯರೇ ಮುಂದೆ ನಿಂತು ಕಲ್ಲು ಹೊತ್ತರು. ಈ ಸಲ ಕೆಳಗಿಟ್ಟು, ಸುಧಾರಿಸಿಕೊಂಡು, ಮತ್ತೆ ಹೊತ್ತರು. ವಿಗ್ರಹ ಕೂರಿಸುವ ದಿನ ಸಾಕವ್ವ ಬೆಟ್ಟ ಹತ್ತಿ ಬಂದು ಗೂಡಿನ ಬಾಗಿಲಿಗೆ ಅಡ್ಡ ಕುಳಿತಳು. "ಬದುಕಿದ್ದಾಗ ಹೊರದೋರು ಈಗ ಮೆರೆಸ್ತೀರಾ? ಅವನ ಹೆಸ್ರು ನಂದು. ನಿಮ್ಮ ಬಾಯಿಗೆ ಕೊಡಕಿಲ್ಲ. ಕೆರೆಗೆ ಹೆಸರು ಬೇಕಂದ್ರೆ ನಿಮ್ಮದೇ ಇಟ್ಕಳಿ, ಬಿಟ್ಟುಬಂದೋರ ಕೆರೆ ಅಂತ," ಎಂದಳು. ಅಂದಿನಿಂದ ಅವಳೂ ಆ ಹೆಸರನ್ನು ಬಾಯಿಬಿಟ್ಟು ಆಡಲಿಲ್ಲ, ಅವಳ ಎದುರು ಬೇರೆಯವರು ಆಡುವ ಧೈರ್ಯ ಮಾಡಲಿಲ್ಲ. ಅವಳು ಬಹಳ ಕಾಲ ಬದುಕಿದಳು ಎನ್ನುತ್ತಾರೆ.

ಇಂದು ಹೋದವರಿಗೂ ಮೇಲಿನ ಕೆರೆಯ ಪಡುವಣ ದಂಡೆಯಲ್ಲಿ ಆ ಕಲ್ಲಿನ ಗೂಡು ಕಾಣಸಿಗುತ್ತದೆ. ಒಳಗೆ ವಿಗ್ರಹವಿಲ್ಲ, ಕುಂಕುಮವಿಲ್ಲ. ಮಳೆ ಬಂದರೆ ಚಾರಣದ ಹುಡುಗರು ಅದರೊಳಗೆ ಚೀಲಗಳನ್ನು ತುರುಕುತ್ತಾರೆ. ಕೆಳಗಿಳಿದು ಬಂದವರು ನನ್ನ ಜಗಲಿಯಲ್ಲಿ ಕುಳಿತು ನೀರು ಕುಡಿದು, ಈ ಕಥೆ ಕೇಳಿ, ಪಾಪ, ಅವನ ಹೆಸರೇನಿತ್ತು ಅಜ್ಜ ಎನ್ನುತ್ತಾರೆ. ಮಂಚನ ಹೆಸರು ಗೊತ್ತಿದೆ, ದ್ಯಾವನದೂ ಸಣ್ಣಲಿಂಗನದೂ ಗೊತ್ತಿದೆ, ಅವರ ವಂಶದವರೇ ಊರ ತುಂಬ ಇದ್ದೇವೆ. ಅವನ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ.