ಅಂಗೈಗೆ ಅಂಟಿದ ಉಪ್ಪು

“ಗುರುಗಳೇ, ಮಳೆಯ ಸೂಚನೆಗಳು ಹಲವು. ಅವುಗಳಲ್ಲಿ ಯಾವುದು ಮೊದಲು, ಯಾವುದು ಕೊನೆ ಎಂದು ನಿಶ್ಚಯಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ. ಮರುದಿನ ಅವನು ಮಳೆಯ ಮುನ್ಸೂಚನೆ ಕೊಡುವ ದೊರೆಯ ಮಳೆಸಭೆಯನ್ನು ಸೇರುವವನಿದ್ದ. ಒಂದೊಂದು ಸೂಚನೆಗೂ ಇಷ್ಟಿಷ್ಟು ತೂಕವೆಂದು ಬರೆದ ಪಟ್ಟಿ ಆಗಲೇ ಅವನ ಕೈಯಲ್ಲಿತ್ತು.

ಗುರುಗಳು ಪಟ್ಟಿಯನ್ನು ಮುಟ್ಟಲಿಲ್ಲ. ಹುಬ್ಬು ಗಂಟಿಕ್ಕಿ ಹೇಳತೊಡಗಿದರು.

ಕಡಲ ತೀರದ ಒಂದು ನಾಡಿನಲ್ಲಿ ಜನ ಉಪ್ಪು ಬೆಳೆದು ಬದುಕುತ್ತಿದ್ದರು. ಅಕಾಲದಲ್ಲಿ ಮಳೆ ಬಂದರೆ ಬಯಲಲ್ಲಿ ಒಣಗಲು ಬಿಟ್ಟ ರಾಶಿ ಕರಗಿಹೋಗುತ್ತಿತ್ತು. ಮಳೆಯನ್ನು ಮೊದಲೇ ತಿಳಿಯಲು ಯಾವ ಸೂಚನೆಯನ್ನು ನಂಬಬೇಕೆಂದು ತೀರ್ಮಾನಿಸಲು ದೊರೆ ನಾಲ್ವರು ಪಂಡಿತರನ್ನು ಕೂರಿಸಿದ. ಉದ್ದೇಶ ಒಳ್ಳೆಯದೇ. ಒಬ್ಬ ಗಾಳಿಯ ದಿಕ್ಕನ್ನು ಓದಿದವನು, ಒಬ್ಬ ಮೋಡವನ್ನು, ಒಬ್ಬ ಬಿಸಿಲನ್ನು, ಇನ್ನೊಬ್ಬ ಹವೆಯ ತೇವವನ್ನು. ಪ್ರತಿಯೊಬ್ಬನೂ ತಾನು ಓದಿದ್ದಕ್ಕೇ ಹೆಚ್ಚು ತೂಕ ಕೊಟ್ಟ. ಮೂರು ದಿನ ಜಗ್ಗಾಡಿದರು. ಕೊನೆಗೆ ಗಾಳಿಯ ಪಂಡಿತ ಹಿರಿಯನೆಂದು ಗಾಳಿಗೆ ಮೊದಲ ಸ್ಥಾನ ಕೊಟ್ಟರು. ತೇವದ ಪಂಡಿತ ಸಭೆಗೆ ಹೊಸಬ. ತೇವ ಕೊನೆಗೆ ಬಿತ್ತು. ನಾಚಿಕೆಯಿಲ್ಲದೆ ಇದನ್ನೇ ಶಾಸ್ತ್ರವೆಂದು ಕರೆದರು.

ಜನರ ಒಪ್ಪಿಗೆಯೂ ಇದೆಯೆಂದು ತೋರಿಸಬೇಕಿತ್ತು. ಪಟ್ಟಿಗೆ ಹೆಬ್ಬೆಟ್ಟು ಒತ್ತಲು ನಾಲ್ಕನೆಯ ದಿನ ಬೆಳಿಗ್ಗೆ ಉಪ್ಪು ಬೆಳೆಯುವ ಒಬ್ಬ ಹೆಂಗಸನ್ನು ಕರೆಸಿದರು. ಆಕೆ ಬಂದವಳೇ ಕೈಮುಗಿದಳು.

“ಉಪ್ಪು ಇವತ್ತು ಅಂಗೈಗೆ ಅಂಟ್ತದೆ, ಒಡೆಯಾ. ಮಳೆ ಬರ್ತದೆ. ರಾಶಿಗೆ ತೆಂಗಿನ ಗರಿ ಹೊದಿಸಿ ಬರ್ತೆ, ಬಿಡಿ.”

“ಅದು ತೇವದ ಮಾತು. ತೇವ ನಾಲ್ಕನೆಯದು. ಗಾಳಿ ಇನ್ನೂ ತಿರುಗಿಲ್ಲ, ಕೂತುಕೋ,” ಎಂದ ಹಿರಿಯ ಪಂಡಿತ.

ಬಾಗಿಲಲ್ಲಿ ಕಾವಲಿತ್ತು. ಆಕೆ ಕೂತಳು. ಪಟ್ಟಿಯನ್ನು ಅಂದವಾಗಿ ನಕಲು ಮಾಡಿ ಮುಗಿಸುವಷ್ಟರಲ್ಲಿ ಮಳೆ ಹೊಯ್ಯಿತು. ಆಕೆ ಓಡಿಹೋಗಿ ನೋಡಿದಾಗ ವರ್ಷದ ದುಡಿಮೆಯೆಲ್ಲ ನೀರಾಗಿ ಕಡಲಿಗೆ ಹರಿಯುತ್ತಿತ್ತು. ಮರುದಿನ ಪಂಡಿತರು ತೇವವನ್ನು ಮೊದಲ ಸ್ಥಾನಕ್ಕೇರಿಸಿದರು. ಪಟ್ಟಿ ಈಗ ಸರಿಯಾಯಿತೆಂದು ಒಬ್ಬರನ್ನೊಬ್ಬರು ಹೊಗಳಿಕೊಂಡರು. ಹೆಬ್ಬೆಟ್ಟಿಗೆ ಮತ್ತೆ ಆಕೆಗೇ ಹೇಳಿಕಳಿಸಿದರು. ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಇಷ್ಟು ಹೇಳಿ ಗುರುಗಳು ಕಥೆ ಮುಗಿಸಿದರು. ಶಿಷ್ಯ ಸ್ವಲ್ಪ ಯೋಚಿಸಿದ. ಹಾಗಾದರೆ ತೇವಕ್ಕೇ ಹೆಚ್ಚು ತೂಕ ಕೊಡಲೇ ಎಂದು ಕೇಳಿ ಪಟ್ಟಿ ತಿದ್ದಲು ಲೇಖನಿ ತೆಗೆದ.

“ಮೊದಲು ಇದನ್ನು ಬರೆ: ನಿನ್ನ ತೂಕ ತಪ್ಪಿದ ದಿನ ಕರಗುವುದು ಯಾರ ಉಪ್ಪು?” ಎಂದರು ಗುರುಗಳು.

ಶಿಷ್ಯ ಲೇಖನಿ ಕೆಳಗಿಟ್ಟ.